ಪಿಡಿಎಫ್ ದರ್ಶನ

ಗ್ರಂಥವೆಂಬುದು ನೋಡಿ ಕೈಮುಗಿಯುವ ವಸ್ತು, ಅದನ್ನು ಓದಹೋಗುವುದು ಅಧಿಕಪ್ರಸಂಗ ಎಂಬ ತತ್ವವನ್ನು ಯಾವ ಅಮೆರಿಕದ ಕಂಪನಿಯೂ ನಮಗೆ ಹೇಳಿಕೊಡಬೇಕಾಗಿಲ್ಲ. ಮೂಡುಬಿದಿರೆಯಲ್ಲಿ ಅದು ಇಂಟರ್ನೆಟ್ಟಿಗಿಂತ ಎಷ್ಟೋ ಶತಮಾನ ಮೊದಲೇ ಸಿದ್ಧಿಸಿತ್ತು.

ಹದಿನೆಂಟು ಬಸದಿಗಳ ಈ ಜೈನಕಾಶಿಯಲ್ಲಿ ಗುರು ಬಸದಿಗೆ ಸಿದ್ಧಾಂತ ಬಸದಿ ಎಂಬ ಇನ್ನೊಂದು ಹೆಸರುಂಟು. ಧವಲ, ಜಯಧವಲ, ಮಹಾಧವಲ ಎಂಬ ತಾಳೆಗರಿ ಗ್ರಂಥಗಳನ್ನು ಅಲ್ಲಿ ಕಾಪಾಡಿಕೊಂಡು ಬಂದಿದ್ದರು. ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಮುಗಿಸಿದ ಧವಲ ಟೀಕೆ ಬೇರೆಲ್ಲೂ ಉಳಿದಿರಲಿಲ್ಲ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳೆಯ ಕನ್ನಡ. ದೂರದೂರದಿಂದ ಬಂದ ಯಾತ್ರಿಕರು ರತ್ನಬಿಂಬಗಳ ಜೊತೆಗೆ ಈ ಗರಿಗಳನ್ನೂ ಕಣ್ಣಿಗೊತ್ತಿಕೊಂಡು, ಕಾಣಿಕೆ ಹಾಕಿ, ಊರಿಗೆ ಮರಳುತ್ತಿದ್ದರು. ಅದಕ್ಕೆ ಸಿದ್ಧಾಂತ ದರ್ಶನ ಎಂದೇ ಹೆಸರು. ಒಳಗೆ ಏನು ಬರೆದಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಬಚ್ಚಿಟ್ಟವರನ್ನು ಬೈಯುವುದು ಸುಲಭ. ಆದರೆ ಅವರು ಹಾಗೆ ಇಡದಿದ್ದರೆ ನಮ್ಮ ಮಳೆಗಾಲ ಮತ್ತು ಗೆದ್ದಲು ಸೇರಿ ಎಂದೋ ಮುಗಿಸಿಬಿಡುತ್ತಿದ್ದವು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಗರಿಗಳು ಜೀರ್ಣವಾಗುತ್ತಿವೆ, ಪ್ರತಿ ಮಾಡಿಸಬೇಕು ಎಂಬ ಬುದ್ಧಿ ಸೊಲ್ಲಾಪುರ, ಮುಂಬಯಿ ಕಡೆಯ ಶ್ರೀಮಂತ ಶ್ರಾವಕರಿಗೆ ಬಂತು. ಹಣ ಕೂಡಿತು, ಲಿಪಿಕಾರರು ಬಂದು ಕೂತರು. ಬರೆಯಿರಿ, ಆದರೆ ಪ್ರತಿ ಊರು ಬಿಟ್ಟು ಹೋಗಕೂಡದು ಎಂಬುದು ಏರ್ಪಾಡು. ಲಿಪಿಕಾರ ಗಜಪತಿ ಶಾಸ್ತ್ರಿಗಳು ವರ್ಷಗಟ್ಟಲೆ ಕೂತು ಬರೆದರು. ಬರೆಯುತ್ತ ಬರೆಯುತ್ತ ಗುಟ್ಟಾಗಿ ತಮಗೂ ಒಂದು ಪ್ರತಿ ಮಾಡಿಕೊಂಡರು. ಹೆಂಡತಿ ಲಕ್ಷ್ಮೀಬಾಯಿ ಕೈಜೋಡಿಸಿದರು. ಆ ಪ್ರತಿ ಊರಿನ ಗಡಿ ದಾಟಿ, ನರ್ಮದೆ ದಾಟಿ, ಸಹಾರನ್‌ಪುರದ ಸಿರಿವಂತರ ಮನೆ ಸೇರಿತು. ಕಳ್ಳಮಾಲು ಕೊಂಡ ಅವರೂ ಅದನ್ನು ಭದ್ರವಾಗಿ ಒಳಗಿಟ್ಟರು! ಅದನ್ನು ನಾಗರಿ ಲಿಪಿಗೆ ಇಳಿಸಲು ಅಲ್ಲಿ ಕೂತ ಸೀತಾರಾಮ ಶಾಸ್ತ್ರಿಗಳು ಗುರುಪರಂಪರೆಗೆ ಚ್ಯುತಿ ಬಾರದಂತೆ ತಾವೂ ಒಂದು ಗುಪ್ತ ಪ್ರತಿ ಮಾಡಿಕೊಂಡರು. ಅದರಿಂದ ಪ್ರತಿಗಳು ಊರೂರಿಗೆ ಹೋದವು. ಇಂದಾಗಿದ್ದರೆ ಸೈಬರ್ ಠಾಣೆಯಲ್ಲಿ ಇಬ್ಬರ ಮೇಲೂ ಎಫ್‌ಐಆರ್ ಆಗುತ್ತಿತ್ತು. ಆ ಎರಡು ಕಳ್ಳತನಗಳ ಪುಣ್ಯದಿಂದ 1939ರಲ್ಲಿ ಅಮರಾವತಿಯಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲದ ಮೊದಲ ಸಂಪುಟ ಅಚ್ಚಾಯಿತು. ಹದಿನಾರು ಸಂಪುಟ ಮುಗಿಯುವಾಗ ಇಪ್ಪತ್ತು ವರ್ಷ ಕಳೆದಿತ್ತು. ನಡುವೆ ಮೂಡುಬಿದಿರೆಯವರೂ ಮನಸ್ಸು ಕರಗಿ, ಮೂಲದೊಂದಿಗೆ ತಾಳೆ ನೋಡಲು ಒಪ್ಪಿದರು.

ಈಗ ಆ ಸಂಪುಟಗಳು ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮೂಡುಬಿದಿರೆ ಬಸ್ ಸ್ಟ್ಯಾಂಡಿನಲ್ಲಿ ಕಾರ್ಕಳದ ಬಸ್ಸಿಗೆ ಕಾಯುತ್ತ ನಿಂತ ಹುಡುಗ, ಬಸ್ಸು ಬರುವುದರೊಳಗೆ ಒಂದೆರಡು ಸಂಪುಟ ಇಳಿಸಿಕೊಳ್ಳಬಹುದು. ಸಾವಿರ ವರ್ಷದ ಬೀಗ ಅಂಗೈಯಲ್ಲಿ ತೆರೆದುಕೊಂಡಿದೆ. ಇಳಿಸಿಕೊಂಡು ಏನು ಮಾಡುತ್ತಾನೆ? ನೋಡುತ್ತಾನೆ, ಮೂರು ಗ್ರೂಪಿಗೆ ಕಳಿಸುತ್ತಾನೆ. ಗ್ರೂಪಿನವರು ಕೈಮುಗಿದ ಇಮೋಜಿ ಹಾಕುತ್ತಾರೆ. ಸಿದ್ಧಾಂತ ದರ್ಶನ ಸಾಂಗವಾಯಿತು. ಕಾಣಿಕೆಯೂ ಇಲ್ಲದ್ದರಿಂದ ಈಗ ಇನ್ನೂ ಸುಲಭ.

ಗಜಪತಿ ಶಾಸ್ತ್ರಿಗಳಿಗೂ ಇಂದಿನ ಪಿಡಿಎಫ್ ದಾನಶೂರರಿಗೂ ಇರುವ ಫರಕು ಇಷ್ಟೇ: ಕದಿಯುವುದಕ್ಕಾದರೂ ಅವರು ಪ್ರತಿ ಅಕ್ಷರವನ್ನೂ ಓದಬೇಕಾಗಿತ್ತು. ಬಿ.ಸಿ.ರೋಡಿನಲ್ಲಿ ನನಗೆ ಪರಿಚಯದವರೊಬ್ಬರಿದ್ದಾರೆ. ನಿವೃತ್ತರು, ಸಾಹಿತ್ಯಾಭಿಮಾನಿ. ಮೊಬೈಲಿನಲ್ಲಿ ನಾಲ್ಕು ಸಾವಿರ ಪುಸ್ತಕ ಉಂಟೆಂದು ಹೇಳುತ್ತಾರೆ. ಕಾರಂತರ ಕಾದಂಬರಿಗಳು, ವಿಜ್ಞಾನ ಪ್ರಪಂಚದ ನಾಲ್ಕು ಸಂಪುಟ, ಯಾರದೋ ಪಿಎಚ್‌ಡಿ ಪ್ರಬಂಧ, ಹೋದ ವಾರ ಬಿಡುಗಡೆಯಾದ ಬಡ ಕವಿಯೊಬ್ಬನ ಸಂಕಲನ, ಎಲ್ಲ ಒಂದೇ ಫೋಲ್ಡರಿನಲ್ಲಿ.

"ಇದರಲ್ಲಿ ಎಷ್ಟು ಓದಿದ್ರಿ ಮಾರಾಯ್ರೆ?" ಎಂದೆ.

"ಓದ್ಲಿಕ್ಕೆ ಎಲ್ಲಿ ಪುರ್ಸೊತ್ತು? ದಿನಕ್ಕೆ ಇಪ್ಪತ್ತು ಹೊಸದು ಬರ್ತದೆ. ಅದನ್ನು ಸೇವ್ ಮಾಡುವಷ್ಟರಲ್ಲಿ ರಾತ್ರಿ ಆಗ್ತದೆ."

"ಮತ್ತೆ ಯಾಕೆ?"

"ಇರ್ಲಿ. ಬೇಕಾದ್ರೆ ಬೇಕಲ್ಲ?"

ಆ ಬಡ ಕವಿ ಸ್ವಂತ ದುಡ್ಡು ಹಾಕಿ ಅಚ್ಚುಹಾಕಿಸಿದ್ದಾನೆ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರ ಫೋನು ಮತ್ತೆ ಟಿಂಗ್ ಎಂದಿತು. ಇಪ್ಪತ್ತೊಂದನೆಯದು.

ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಪುಸ್ತಕವನ್ನು ಹೀಗಲ್ಲದೆಯೂ ಹಂಚಿದವರಿದ್ದರು. ಪುತ್ತೂರಿನ ಬೋಳಂತಕೋಡಿ ಈಶ್ವರ ಭಟ್ಟರು ಚೀಲದಲ್ಲಿ ಪುಸ್ತಕ ತುಂಬಿಕೊಂಡು ಮನೆಮನೆಗೆ, ಶಾಲೆಶಾಲೆಗೆ ತಿರುಗಿದವರು. ಮಂಗಳೂರಿನ ಅತ್ರಿ ಬುಕ್ ಸೆಂಟರಿನ ಅಶೋಕವರ್ಧನರು 2012ರಲ್ಲಿ ಅಂಗಡಿಯ ಬಾಗಿಲು ಹಾಕಿದರು. ಹಾಕಿ ಸುಮ್ಮನೆ ಕೂರದೆ, ತಮ್ಮ ಪ್ರಕಾಶನದ ಪುಸ್ತಕಗಳನ್ನು ತಾವೇ ಇ-ಪುಸ್ತಕ ಮಾಡಿ ಜಾಲತಾಣದಲ್ಲಿ ಉಚಿತವಾಗಿ ಇಟ್ಟರು. ತನ್ನದನ್ನು ತಾನು ಕೊಡುವುದಕ್ಕೂ ಇನ್ನೊಬ್ಬನದನ್ನು ಉದಾರವಾಗಿ ದಾನ ಮಾಡುವುದಕ್ಕೂ ವ್ಯತ್ಯಾಸವಿದೆ ಎಂದು ಯಾರಿಗಾದರೂ ಅನಿಸಿದರೆ ಅವರು ಯಾವ ವಾಟ್ಸಾಪ್ ಗ್ರೂಪಿನಲ್ಲೂ ಇಲ್ಲವೆಂದೇ ಅರ್ಥ.

ಇತಿಹಾಸಕ್ಕೆ ಬರೋಣ. ನಮ್ಮಲ್ಲಿ ಈಗ ಎಲ್ಲರೂ ಇತಿಹಾಸಕಾರರು. ಉಳ್ಳಾಲದ ರಾಣಿ ಅಬ್ಬಕ್ಕನನ್ನೇ ತೆಗೆದುಕೊಳ್ಳಿ. ಅವಳ ಚೌಟ ವಂಶದ ಅರಮನೆ ಮೂಡುಬಿದಿರೆಯಲ್ಲೇ ಇದೆ. ಒಂಬತ್ತು ಹೆಂಗಸರು ಸೇರಿ ಆನೆಯಾಗುವ ನವನಾರಿ ಕುಂಜರದ ಮರದ ಕೆತ್ತನೆ ನೋಡಲೆಂದು ಜನ ಅಲ್ಲಿಗೆ ಬರುತ್ತಾರೆ. ಬಂಟ್ವಾಳದ ಬಿ.ಸಿ.ರೋಡಿನ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಅವಳ ಹೆಸರಿನಲ್ಲಿ ತುಳು ಅಧ್ಯಯನ ಕೇಂದ್ರ, ತುಳು ಬದುಕು ವಸ್ತು ಸಂಗ್ರಹಾಲಯ, ಗ್ರಂಥಾಲಯ ಎಲ್ಲವನ್ನೂ ಕಟ್ಟಿದ್ದಾರೆ. ಆದರೆ ಅಬ್ಬಕ್ಕ ಈಗ ಇರುವುದು ಮೊಬೈಲಿನಲ್ಲಿ. ಕೃತಕ ಬುದ್ಧಿಮತ್ತೆಯವರು ಬಿಡಿಸಿಕೊಟ್ಟ ಅಬ್ಬಕ್ಕ ತೆಲುಗು ಸಿನಿಮಾದ ನಾಯಕಿಯಂತೆ ಮಿರಮಿರ ಮಿಂಚುವ ಕವಚ ತೊಟ್ಟು, ಬಿಳಿ ಕುದುರೆ ಏರಿ, ಹಿಂದೆ ಹಡಗು ಉರಿಯುತ್ತಿರಲು, ತುಟಿಗೆ ಬಣ್ಣ ಹಚ್ಚಿಕೊಂಡು ಬರುತ್ತಾಳೆ. ಕೆಳಗೆ ಒಂದು ಸಾಲು: ಇದನ್ನು ನಿಮ್ಮ ಪಠ್ಯಪುಸ್ತಕ ಹೇಳುವುದಿಲ್ಲ, ನಿಜವಾದ ತುಳುವರಾದರೆ ಹತ್ತು ಜನಕ್ಕೆ ಕಳಿಸಿ.

ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡು ಬರೆದವನೊಬ್ಬನಿದ್ದಾನೆ. ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆ. 1623ರಲ್ಲಿ ಅವನು ನೋಡಿದಾಗ ರಾಣಿ ಬರಿಗಾಲಲ್ಲಿ ನಿಂತು, ನೀರಿನ ಕಾಲುವೆ ತೋಡುವ ಕೆಲಸದ ಮೇಲ್ವಿಚಾರಣೆ ಮಾಡುತ್ತಿದ್ದಳು. ಒಡವೆ ವಸ್ತ್ರದ ಠೀವಿ ಏನೂ ಇರಲಿಲ್ಲ. ಮಾತಾಡಿಸಿದಾಗ ಮಾತ್ರ ಇವಳು ರಾಣಿ ಎಂಬುದು ಅವನಿಗೆ ಮನದಟ್ಟಾಯಿತು. ಪೋರ್ಚುಗೀಸರೊಡನೆ ಹೊಡೆದಾಡಿದ ಅಬ್ಬಕ್ಕ ಇವಳೋ ಇವಳ ಹಿಂದಿನವಳೋ ಎಂದು ವಿದ್ವಾಂಸರು ಚರ್ಚಿಸುತ್ತಲೇ ಇದ್ದಾರೆ. ಯಾರೇ ಆಗಲಿ, ತನ್ನ ಗದ್ದೆಗೆ ನೀರು ಹಾಯಿಸಲು ಮಣ್ಣಿನಲ್ಲಿ ನಿಂತ ರಾಣಿಗಿಂತ ದೊಡ್ಡ ತುಳುವತಿ ಯಾರಿದ್ದಾರೆ? ಅವನ ಪುಸ್ತಕದ ಇಂಗ್ಲಿಷ್ ಅನುವಾದ ಹದಿನೇಳನೆಯ ಶತಮಾನದಷ್ಟು ಹಳೆಯದು. ಅದೂ ಅದೇ ಇಂಟರ್ನೆಟ್ಟಿನಲ್ಲಿ, ಅದೇ ಬೆರಳಿನ ತುದಿಯಲ್ಲಿ, ಪುಕ್ಕಟೆಯಾಗಿ ಬಿದ್ದಿದೆ. ಆದರೆ ಬರಿಗಾಲಿನ ರಾಣಿಗೆ ಲೈಕ್ ಸಿಗುವುದಿಲ್ಲ. ಕಾಲುವೆ ತೋಡಿಸುವವರನ್ನು ಈಗಲೂ ಯಾರು ನೋಡುತ್ತಾರೆ ಬಿಡಿ.

ಇತಿಹಾಸ ತಪ್ಪಿದರೆ ಸತ್ತವರಿಗೆ ನಷ್ಟ. ತೋಟ ತಪ್ಪಿದರೆ ಬದುಕಿದವರಿಗೆ. ಬಂಟ್ವಾಳ, ಬೆಳ್ತಂಗಡಿಯ ಅಡಿಕೆ ಕೃಷಿಕನಿಗೆ ಕೊಳೆರೋಗದ ಮದ್ದು ಗೊತ್ತಾದ ದಾರಿ ನೋಡಿ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ತೋಟ ತೋಟ ಸುತ್ತಿ, ರೋಗದ ಮೂಲ ಹಿಡಿದು, 1910ರಲ್ಲಿ ಅದರ ಬಗ್ಗೆ ಬುಲೆಟಿನ್ ಬರೆದ. ಬೋರ್ಡೋ ದ್ರಾವಣ ಸಿಂಪಡಿಸಿರೆಂದ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕರಗಿಸಬೇಕು, ಆಮೇಲೆ ಕೂಡಿಸಬೇಕು, ಕತ್ತಿಯ ಅಲಗು ಅದ್ದಿ ನೋಡಬೇಕು. ಅಲಗಿಗೆ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು. ಅಜ್ಜಂದಿರು ಇದನ್ನು ಬಾಯಿಪಾಠ ಮಾಡಿಕೊಂಡರು. ಸಂಶಯ ಬಂದರೆ ಬಂಟ್ವಾಳ ತಾಲೂಕಿನ ವಿಟ್ಲದಲ್ಲೇ ಸಿಪಿಸಿಆರ್‌ಐ ಸಂಶೋಧನಾ ಕೇಂದ್ರ ಉಂಟು. 1988ರಿಂದ ಪುತ್ತೂರಿನ 'ಅಡಿಕೆ ಪತ್ರಿಕೆ' ಉಂಟು. ಅದರಲ್ಲಿ ಬರೆಯುವವನೂ ಕೃಷಿಕ, ತಪ್ಪಿದರೆ ಮರುತಿಂಗಳು ಪತ್ರ ಬರೆದು ಉಗಿಯುವವನೂ ಕೃಷಿಕ.

ಈಗ ಜೂನ್ ಬಂತೆಂದರೆ ವಿಡಿಯೋ ಬರುತ್ತದೆ. ಸ್ವಚ್ಛ ಬಿಳಿ ಅಂಗಿ ಹಾಕಿದ, ಕಾಲಿಗೆ ಕೆಸರು ತಾಗದ ಒಬ್ಬ ಯುವಕ ತೋಟದ ಕರೆಯಲ್ಲಿ ನಿಂತು, "ನಮಸ್ಕಾರ ಸ್ನೇಹಿತರೇ, ಮೈಲುತುತ್ತು ಮರೆತುಬಿಡಿ" ಎನ್ನುತ್ತಾನೆ. ಒಂದು ಬಾಟಲಿ, ಒಂದೇ ಸಲ, ಕೊಳೆ, ಎಲೆಚುಕ್ಕಿ, ಹಳದಿ ರೋಗ ಮೂರಕ್ಕೂ ರಾಮಬಾಣ. ವಿವರಣೆಯಲ್ಲಿ ಲಿಂಕು. ವಿಟ್ಲದ ವಿಜ್ಞಾನಿ ಹಳದಿ ರೋಗದ ಬಗ್ಗೆ ಕೇಳಿದರೆ "ಸಂಶೋಧನೆ ನಡೀತಾ ಉಂಟು" ಎನ್ನುತ್ತಾನೆ. ಬಿಳಿ ಅಂಗಿಯವನು "ಗ್ಯಾರಂಟಿ" ಎನ್ನುತ್ತಾನೆ. ನೀವೇ ಹೇಳಿ, ಮನುಷ್ಯನಿಗೆ ಯಾರ ಮಾತು ಹಿತ? ಆಟಿ ತಿಂಗಳಲ್ಲಿ ನಳ್ಳಿ ಉದುರಿ ಅಂಗಳ ತುಂಬಿದ ಮೇಲೆ ಆ ವಿಡಿಯೋದ ಕೆಳಗೆ ಬೈದು ಬರೆಯಲು ಹೋದರೆ ಕಾಮೆಂಟ್ ಬಂದ್ ಆಗಿರುತ್ತದೆ.

ಗ್ರಂಥಾಲಯ ಶಾಸ್ತ್ರದ ಪಿತಾಮಹ ಎನಿಸಿಕೊಂಡ ಎಸ್.ಆರ್. ರಂಗನಾಥನ್ 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತ ಮೇಷ್ಟ್ರಾಗಿ ಕೆಲಸ ಶುರುಮಾಡಿದವರು. ಮುಂದೆ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ಸಿಗಬೇಕು, ಓದುಗನ ಸಮಯ ಉಳಿಯಬೇಕು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಅಲ್ಗಾರಿದಂ ಎಂಬ ಹೊಸ ಗ್ರಂಥಪಾಲಕ ಈ ಸೂತ್ರಗಳನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಾನೆ. ಪ್ರತಿಯೊಬ್ಬನಿಗೂ ಅವನಿಗೆ ತಕ್ಕ ಸುಳ್ಳನ್ನು ಹುಡುಕಿ ತಂದುಕೊಡುತ್ತಾನೆ. ಯೋಚಿಸುವ ಸಮಯವನ್ನಂತೂ ಪೂರ್ತಿ ಉಳಿಸುತ್ತಾನೆ.

ಅದರ ಪ್ರಾತ್ಯಕ್ಷಿಕೆ 2025ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲೇ ಆಯಿತು. ಜುಲೈ 29ರಂದು ಧರ್ಮಸ್ಥಳದ ನೇತ್ರಾವತಿ ಸ್ನಾನಘಟ್ಟದ ಪಕ್ಕ, ಶವಗಳನ್ನು ಗುಟ್ಟಾಗಿ ಹೂಳಲಾಗಿದೆ ಎಂಬ ದೂರಿನ ಮೇಲೆ, ಎಸ್‌ಐಟಿಯವರು ನೆಲ ಅಗೆಯತೊಡಗಿದರು. ಸುರಿಯುವ ಮಳೆ, ಹಿಟಾಚಿ, ವಿಧಿವಿಜ್ಞಾನದವರು, ಮಹಜರು. ಅವರಿಗೆ ಗುಂಡಿ ಮುಗಿಯಲು ದಿನಗಟ್ಟಲೆ ಬೇಕು. ಬೇಲಿಯ ಈಚೆಗೆ ಸೆಲ್ಫಿ ಕೋಲು ಹಿಡಿದು ನಿಂತ ಪಡೆಗೆ ಅಷ್ಟು ಪುರುಸೊತ್ತು ಎಲ್ಲಿಂದ? ಗುದ್ದಲಿ ನೆಲಕ್ಕೆ ತಾಗುವ ಮೊದಲೇ ಒಂದು ಚಾನೆಲ್ ಅಪರಾಧಿಯನ್ನು ಹಿಡಿದಿತ್ತು, ಇನ್ನೊಂದು ಚಾನೆಲ್ ಎಲ್ಲರನ್ನೂ ನಿರ್ದೋಷಿ ಎಂದು ಬಿಡುಗಡೆ ಮಾಡಿತ್ತು. ಸಾಕ್ಷ್ಯ ಸಿಗದ ಕಡೆ ಕಂಪ್ಯೂಟರ್ ಬಿಡಿಸಿದ ದೃಶ್ಯ ಬಂತು. ತಮ್ಮ ನಂಬಿಕೆಗೆ ತಕ್ಕದ್ದನ್ನು ಎರಡೂ ಕಡೆಯವರು ದಿನಕ್ಕೆ ಮೂರು ಹೊತ್ತು ಉಂಡರು. ಕೊನೆಗೆ ಆಗಸ್ಟ್‌ನಲ್ಲಿ ಯೂಟ್ಯೂಬಿನವರಿಗೆ ರಸ್ತೆಯಲ್ಲೇ ಹೊಡೆತ ಬಿತ್ತು, ಅದೂ ಲೈವ್ ಆಗಿ ಹೋಯಿತು. ಸತ್ಯ ಏನೆಂದು ಹೇಳಬೇಕಾದದ್ದು ತನಿಖೆ ಮತ್ತು ನ್ಯಾಯಾಲಯ. ಆದರೆ ಚಾರ್ಮಾಡಿಯಿಂದ ಗುರುವಾಯನಕೆರೆಯವರೆಗೆ ಯಾವ ಚಹಾ ಅಂಗಡಿಯಲ್ಲಿ ಕೇಳಿದರೂ ತೀರ್ಪು ರೆಡಿ ಇತ್ತು, ಅದಕ್ಕೆ ಮೇಲ್ಮನವಿ ಇಲ್ಲ.

ಇಷ್ಟು ಬೈದು, ಇಂಟರ್ನೆಟ್ಟಿನಿಂದಲೇ ಲೋಕ ಕೆಟ್ಟಿತು ಎಂದು ಮುಗಿಸಿದರೆ ಹಿರಿಯ ನಾಗರಿಕರು ಚಪ್ಪಾಳೆ ತಟ್ಟುತ್ತಾರೆ. ಹಾಗೆ ಹೇಳಲಾರೆ. ಯಕ್ಷಗಾನದ ಭಾಗವತರ ಮುಂದೆ ಈಗ ಹರಿದ ಪ್ರಸಂಗ ಪುಸ್ತಕದ ಬದಲು ಟ್ಯಾಬ್ ಇರುತ್ತದೆ. ಎಲ್ಲೂ ಸಿಗದ ಪ್ರಸಂಗಗಳನ್ನು ಪುಣ್ಯಾತ್ಮರು ಮನೆಮನೆ ಹುಡುಕಿ, ಸ್ಕ್ಯಾನ್ ಮಾಡಿ ಜಾಲದಲ್ಲಿಟ್ಟದ್ದರ ಫಲ ಅದು. ತುಳು ವಿಕಿಪೀಡಿಯ 2016ರಲ್ಲಿ ಶುರುವಾಯಿತು. 2024ರಲ್ಲಿ ಗೂಗಲ್ ಅನುವಾದಕ್ಕೂ ತುಳು ಬಂತು. ಅದು ಆಡುವ ತುಳುವನ್ನು ಕೇಳಿ ನಮ್ಮ ಮನೆಯ ಹಿರಿಯರು ನಕ್ಕು ಕಣ್ಣೀರು ಹಾಕಿದರು, ಆದರೂ ಬಂತು. ಇನ್ನೊಂದು ಕಡೆ, 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಬಳ್ಳಕದಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ ದೇಶವೆಲ್ಲ ಸುತ್ತಿತು. ಬೆಳ್ತಂಗಡಿಯ ಘಟ್ಟದ ಬುಡದ ಮಕ್ಕಳೂ ಹೀಗೆಯೇ ಸಿಗ್ನಲ್ ಹುಡುಕಿ ಗುಡ್ಡ ಹತ್ತಿದವರು. ಓದುವ ಹಸಿವಿದ್ದವನಿಗೆ ಇಂಟರ್ನೆಟ್ ಅನ್ನವೇ ಹೌದು. ಹಸಿವಿಲ್ಲದವರಿಗೆ ಅನ್‌ಲಿಮಿಟೆಡ್ ಪ್ಯಾಕ್, ಹಸಿದವನಿಗೆ ಗುಡ್ಡ ಎಂಬುದು ನಮ್ಮ ಹಂಚಿಕೆ.

ಸರ್ಕಾರವೂ ಸುಮ್ಮನೆ ಕೂತಿಲ್ಲ. 2020ರಲ್ಲಿ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಶುರುಮಾಡಿತು. ಸದಸ್ಯರ ಸಂಖ್ಯೆ ಕೋಟಿ ದಾಟಿತೆಂದು ಹೇಳಿಕೊಂಡಿತು. ಕೋಟಿ ಸದಸ್ಯರು ಎಷ್ಟು ಪುಟ ಓದಿದರು ಎಂದು ಕೇಳುವುದು ಸಿದ್ಧಾಂತ ದರ್ಶನಕ್ಕೆ ಬಂದವರ ಪ್ರಾಕೃತ ಜ್ಞಾನ ಪರೀಕ್ಷಿಸಿದಂತೆ, ಬೇಡ. ಗ್ರಾಮ ಪಂಚಾಯತ್ ಗ್ರಂಥಾಲಯಗಳನ್ನು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್‌ರಾಜ್ ಇಲಾಖೆಗೆ ದಾಟಿಸಿದರು. ಈಗ ಅವುಗಳ ಹೆಸರು ಅರಿವು ಕೇಂದ್ರ. 'ಓದುವ ಬೆಳಕು' ಎಂಬ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಇದು ಒಳ್ಳೆಯ ಕೆಲಸ, ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ.

ನಮ್ಮ ಕಡೆಯ ಅಂಥದೊಂದು ಅರಿವು ಕೇಂದ್ರಕ್ಕೆ ಹೋಗಿ ಕೂತು ನೋಡಿ. ಬೆಳಗ್ಗೆ ನಾಲ್ಕು ಮಂದಿ ಹಿರಿಯರು ಬಂದು 'ಉದಯವಾಣಿ'ಯನ್ನು ಹಾಳೆ ಹಾಳೆ ಬಿಡಿಸಿ ಹಂಚಿಕೊಳ್ಳುತ್ತಾರೆ. ಶ್ರದ್ಧಾಂಜಲಿಯ ಪುಟಕ್ಕೆ ಸಣ್ಣ ಪೈಪೋಟಿ. ಪ್ಲಾಸ್ಟಿಕ್ ಹೊದಿಕೆ ಹಾಕಿದ ಕಂಪ್ಯೂಟರ್ ಮೂಲೆಯಲ್ಲಿದೆ. ಗುಡುಗಿದರೆ ಹಾಳಾಗುತ್ತದೆಂದು ಮಳೆಗಾಲದಲ್ಲಿ ಪ್ಲಗ್ ತೆಗೆದಿಡುತ್ತಾರೆ, ಮತ್ತು ನಮ್ಮಲ್ಲಿ ಮಳೆಗಾಲ ದೀಪಾವಳಿಯವರೆಗೂ ಇರುತ್ತದೆ. ಕಪಾಟಿನಲ್ಲಿ ಸಗಟು ಖರೀದಿಯಲ್ಲಿ ಬಂದ ಪುಸ್ತಕಗಳು. ಪುಟಕ್ಕೆ ಇಷ್ಟು ಎಂದು ದರ ಕಟ್ಟಿ ಕೊಳ್ಳುವ ಕಾರಣ ಕೆಲವು ಪುಸ್ತಕಗಳಲ್ಲಿ ಲೇಖಕನಿಗಿಂತ ಅಕ್ಷರದ ಗಾತ್ರಕ್ಕೇ ಹೆಚ್ಚು ಶ್ರಮ. ಸಂಜೆ ವೈಫೈ ಹಿಡಿಯುವ ಜಗಲಿಯ ಅಂಚಿನಲ್ಲಿ ಹುಡುಗರ ಸಾಲು, ತಲೆ ತಗ್ಗಿಸಿ, ಧ್ಯಾನಸ್ಥರಾಗಿ. ಅವರನ್ನೂ ಓದುಗರ ಹಾಜರಿ ಪುಸ್ತಕದಲ್ಲಿ ಸೇರಿಸಿಕೊಳ್ಳುವ ಜಾಣತನ ಮೇಲ್ವಿಚಾರಕಿಗೆ ಉಂಟು. ಅವಳನ್ನು ಗ್ರಂಥಪಾಲಕಿ ಎನ್ನಕೂಡದು, ಕಾಗದದಲ್ಲಿ ಅವಳು ಮೇಲ್ವಿಚಾರಕಿ. ಆದರೆ ನಾನು ನೋಡುತ್ತಿದ್ದ ಹಾಗೆಯೇ ಎರಡನೇ ಕ್ಲಾಸಿನ ಒಂದು ಹುಡುಗಿ ಬಂದು, "ಅಕ್ಕಾ, ಹುಲಿಯದ್ದು ಪುಸ್ತಕ ಕೊಡಿ, ಚಿತ್ರ ಇರುವುದು" ಎಂದಾಗ, ಮೇಲ್ವಿಚಾರಕಿ ಯಾವ ಸರ್ಚ್ ಎಂಜಿನ್ನಿನ ಸಹಾಯವೂ ಇಲ್ಲದೆ, ಎದ್ದು ಹೋಗಿ, ಕೆಳಗಿನ ಕಪಾಟಿನಿಂದ ಅದನ್ನೇ ತೆಗೆದುಕೊಟ್ಟಳು. "ಹೋದ ಸಲ ಒಯ್ದದ್ದು ಮುಗೀತಾ? ಅದರಲ್ಲಿ ಕಡೆಗೆ ಏನಾಯ್ತು ಹೇಳು ನೋಡುವ" ಎಂದಳು. ಹುಡುಗಿ ಹೇಳಿದಳು. ಆಮೇಲೆಯೇ ಪುಸ್ತಕ ಕೈಗೆ ಬಂತು.

ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿ ಮಕ್ಕಳಿಗೆ ಪುಸ್ತಕ ಮಾಡಿಸಿದ್ದು ಇಂಥ ಹುಡುಗಿಗಾಗಿ. ಅವಳ ಅಣ್ಣ, ಹೈಸ್ಕೂಲಿನವನು, ಪಂಜೆಯವರ ಬಗ್ಗೆ ಪ್ರಬಂಧವನ್ನು ಈಗ ಎಐ ಹತ್ತಿರ ಬರೆಸುತ್ತಾನೆ. ಅದು ಪಂಜೆಯವರು ಬರೆಯದ ಪುಸ್ತಕಕ್ಕೂ ಹೆಸರು, ಪ್ರಕಾಶಕರು, ವರ್ಷ ಎಲ್ಲ ಕೊಡುತ್ತದೆ. ಮೇಷ್ಟ್ರು ಅದನ್ನು ಇನ್ನೊಂದು ಎಐ ಹತ್ತಿರ ತಿದ್ದಿಸುತ್ತಾರೆ. ನಡುವೆ ಮನುಷ್ಯರಿಗೆ ಯಾರಿಗೂ ತೊಂದರೆಯಾಗುವುದಿಲ್ಲ.

ಕೊನೆಗೊಂದು ಲೆಕ್ಕದ ಮಾತು. ನಿಮ್ಮ ಮನೆ ತೆರಿಗೆಯ ರಸೀದಿ ತೆಗೆದು ನೋಡಿ. ತೆರಿಗೆಯ ಮೇಲೆ ನೂರಕ್ಕೆ ಆರು ಗ್ರಂಥಾಲಯ ಕರ, ಮೂರು ಭಿಕ್ಷುಕರ ಕರ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಅದರ ಪ್ರಕಾರ ವಸೂಲಾದ ಈ ಕರ ಗ್ರಂಥಾಲಯಕ್ಕೇ ಹೋಗಬೇಕು. ಬೆಂಗಳೂರಿನಂಥ ಬೆಂಗಳೂ‌ರಿನ ಪಾಲಿಕೆಯೇ ನೂರಾರು ಕೋಟಿ ಬಾಕಿ ಇಟ್ಟುಕೊಂಡು ವರ್ಷಗಟ್ಟಲೆ ಪತ್ರ ವ್ಯವಹಾರ ನಡೆಸಿತ್ತು. ಪುಸ್ತಕ ಓದದವನೂ ಈ ಕರ ಕಟ್ಟುತ್ತಾನೆ, ಪಿಡಿಎಫ್ ದಾನಶೂರನೂ ಕಟ್ಟುತ್ತಾನೆ. ನಿಮ್ಮ ಪಂಚಾಯತಿನಲ್ಲಿ ಕಳೆದ ವರ್ಷ ಎಷ್ಟು ಕೂಡಿತು, ಅದರಲ್ಲಿ ಎಷ್ಟು ರೂಪಾಯಿಯ ಪುಸ್ತಕ ಬಂತು ಎಂಬುದು ಗೂಗಲ್ಲಿನಲ್ಲಿ ಸಿಗುವುದಿಲ್ಲ, ಪಿಡಿಓ ಹತ್ತಿರ ಸಿಗುತ್ತದೆ. ಮುಂದಿನ ಗ್ರಾಮಸಭೆಗೆ ರಸೀದಿ ಹಿಡಿದುಕೊಂಡು ಹೋಗಿ, ಎದ್ದು ನಿಂತು ಕೇಳಿ. ಕೇಳುವುದನ್ನು ಬೇಕಾದರೆ ಲೈವ್ ಮಾಡಿ, ಅಭ್ಯಂತರವಿಲ್ಲ.